ಕೊರಿಯಾದ ಗೆರೆ, ನಮ್ಮ ಗೆರೆ

ಜನ್ನಾಪುರ, ಭದ್ರಾವತಿ
೨೩-೧೧-೨೦೨೪

ಪ್ರೀತಿಯ ಸುಪ್ರಿಯಾಗೆ ಅಮ್ಮ ಮಾಡುವ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೀವಿ. ನಿನ್ನ ಭಾಷಣ ಮುಗಿದು ಹತ್ತು ದಿನ ಆದ್ಮೇಲೆ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ಎರಡು ಸಲ ಬರೆದು ಹರಿದು ಹಾಕ್ದೆ. ಫೋನಲ್ಲಾದ್ರೆ ನೀನು ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಕಾಗದ.

ನಿನಗೆ ಹೇಳದೆ ಶಿವಮೊಗ್ಗಕ್ಕೆ ಬಂದಿದ್ದೆ. ಎಕನಾಮಿಕ್ಸ್ ಲೆಕ್ಚರರ್ ಆದ ಮಗಳು ಮೈಕ್ ಮುಂದೆ ನಿಲ್ಲೋದನ್ನ ನೋಡೋ ಆಸೆ. ಪರದೆ ಮೇಲೆ ನೀನು ಎರಡು ಗೆರೆ ತೋರಿಸಿದೆ, ಒಂದು ದಕ್ಷಿಣ ಕೊರಿಯಾದ ವರಮಾನದ್ದು, ಇನ್ನೊಂದು ನಮ್ಮ ದೇಶದ್ದು. ಅರವತ್ತು ವರ್ಷದ ಹಿಂದೆ ನಾವೂ ಕೊರಿಯಾದವರೂ ಹೆಚ್ಚುಕಮ್ಮಿ ಒಂದೇ ಥರ ಬಡವರಂತೆ. ಈಗ ಅವರ ಗೆರೆ ಆಕಾಶದಲ್ಲಿ, ನಮ್ಮದು ಮೊಣಕಾಲುದ್ದ. ಅಲ್ಲೀವರೆಗೂ ಸರಿ. ಆಮೇಲೆ ನೀನು, “ಅಲ್ಲಿನ ಕಾರ್ಮಿಕ ದುಡಿದ. ನಮ್ಮ ಭದ್ರಾವತಿ ಕಾರ್ಮಿಕ ಮರದ ಕೆಳಗೆ ಇಸ್ಪೀಟು ಆಡಿದ” ಅಂದೆ. ಸಭೆಯೆಲ್ಲ ನಕ್ಕಿತು.

ಹಿಂದಿನ ಸಾಲಲ್ಲಿ ನಾನು ಎದ್ದು ನಿಂತೆ. ನೀನು ನನ್ನ ಮಗಳು ಅಂತ ಹೇಳ್ಕೊಳ್ಳದೆ ಕೇಳಿದೆ:

“ಭದ್ರಾವತಿ ಉಕ್ಕಿನ ಕಾರ್ಖಾನೇಲಿ ಫರ್ನೇಸ್ ಬೆಂಕಿ ಮುಂದೆ ಮೂವತ್ತೊಂದು ವರ್ಷ ನಿಂತವರ ಹೆಂಡತಿ ನಾನು. ಅವರ ಅಂಗಿ ಬೆವರಿನ ಉಪ್ಪಿಗೆ ರಟ್ಟಿನ ಹಾಗೆ ಗಟ್ಟಿಯಾಗ್ತಿತ್ತು. ಅದು ಯಾವ ಗೆರೆಯಲ್ಲಿದೆ? ನಮ್ಮಮ್ಮ ಯಲ್ಲಮ್ಮ ಏಳು ಹೆತ್ತು ನಾಲ್ಕನ್ನ ಮಣ್ಣು ಮಾಡಿದಳು. ನಾನು ಹೆತ್ತ ಎರಡೂ ಬದುಕಿದಾವೆ, ಓದಿದಾವೆ. ಇದು ಏರಿದ್ದಲ್ವಾ?”

ನೀನು ತಣ್ಣಗೆ, “ಅಲ್ಲಿ ಇನ್ನೂ ಹೆಚ್ಚು ಮಕ್ಕಳು ಬದುಕಿದವು. ಹೆಣ್ಣುಮಕ್ಕಳನ್ನೂ ಬೇಗ ಶಾಲೆಗೆ ಕಳಿಸಿದ್ರು” ಅಂದೆ.

ಒಪ್ಪಿದೆ ಕಣೇ. ನನ್ನನ್ನ ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು. ಹಾಗಾದ್ರೆ ಅದನ್ನ ಹೇಳು! ನಮ್ಮಂಥ ಹುಡುಗೀರನ್ನ ಓದಿಸಲಿಲ್ಲ ಅಂತ ಗಟ್ಟಿಯಾಗಿ ಹೇಳು. ದುಡಿದವರನ್ನ ಸೋಮಾರಿ ಮಾಡಿ ಚಪ್ಪಾಳೆ ಗಿಟ್ಟಿಸ್ಬೇಡ. ಇನ್ನೊಂದು ಸಲ ಅದೇ ಮಾತಾಡಿದ್ರೆ ಮತ್ತೆ ಎದ್ದು ನಿಲ್ತೀನಿ, ಮೊದಲನೇ ಸಾಲಲ್ಲೇ.

ಮನೆಗೆ ಬಂದಾಗ ನಿಮ್ಮಪ್ಪ, “ನನ್ನ ವಿಷಯ ಏನಾದ್ರೂ ಹೇಳಿದ್ಳಾ?” ಅಂದ್ರು. “ಹೇಳಿದ್ಳು” ಅಂದುಬಿಟ್ಟೆ. ಆ ಸುಳ್ಳನ್ನ ನಿಜ ಮಾಡೋದು ನಿನ್ನ ಕೆಲಸ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೇದೇ ಆಗ್ಲಿ.

ನಿನ್ನ ಅಮ್ಮ,
ದುರ್ಗಮ್ಮ

ವಿ.ಸೂ.: ನಾನು ಕೂತ ಮೇಲೆ ಅಧ್ಯಕ್ಷರು ನಿನ್ನ ಕಡೆ ಬಗ್ಗಿ, “ಆಯಮ್ಮ ಯಾರು?” ಅಂತ ಕೇಳಿದ್ರು. “ಯಾರೋ ನಮ್ಮೂರಿನವರು” ಅಂದೆ ನೀನು. ಮೈಕ್ ಆನ್ ಇತ್ತು ಮಗಳೇ, ಎಲ್ಲರಿಗೂ ಕೇಳಿಸ್ತು.