ಸ್ಟೋಕರ್ಸ್ ಇತಿಹಾಸ ಮರುಭೂಮಿಯಲ್ಲಿ ಹುಟ್ಟಿದ್ದಲ್ಲ

ಸ್ಟೋಕರ್ಸ್ ತಂಡದ ಅಧ್ಯಕ್ಷರೇ,

ನಾನು ಲುಡ್ಮಿಲಾ ಹ್ರಬೋವ್ಸ್ಕಿ. ಈರಿ ಸರೋವರದ ದಂಡೆಯ ನಮ್ಮ ಬೀದಿಯಲ್ಲಿ ನನ್ನ ಮಾತು ಮೀರುವವರಿಲ್ಲ. ನನ್ನ ಮಕ್ಕಳೂ ಮೀರಿಲ್ಲ, ಚರ್ಚಿನ ಪಾದ್ರಿಗಳೂ ಮೀರಿಲ್ಲ. ಓದಿದ್ದು ಹೈಸ್ಕೂಲಿನವರೆಗೆ. ಮೋಸವನ್ನು ಗುರುತಿಸಲು ಅಷ್ಟು ಸಾಕು.

ನಮ್ಮ ಊರಿನ ಅಮೆರಿಕನ್ ಫುಟ್‌ಬಾಲ್ ತಂಡವನ್ನು ನೀವು ಮರುಭೂಮಿಯ ನಗರವೊಂದಕ್ಕೆ ಸಾಗಿಸಿದಿರಿ. ಹಿಂದಿನ ವರ್ಷವಷ್ಟೇ ನಮ್ಮ ಚರ್ಚಿನ ಸಭಾಂಗಣದಲ್ಲಿ, ನಾನು ಮಾಡಿದ ಎಲೆಕೋಸಿನ ಹಲುಷ್ಕಿ ಬಡಿಸಿಕೊಂಡು, "ಈ ಊರು ಬಿಡುವುದಿಲ್ಲ" ಎಂದವರು ನೀವೇ. ಅದನ್ನೂ ನುಂಗಿಕೊಂಡೆವು. ಈಗ ಅಲ್ಲಿ ವಸ್ತುಸಂಗ್ರಹಾಲಯ ಕಟ್ಟಿ, ಅರವತ್ತೆರಡನೆಯ ಇಸವಿಯ ಚಾಂಪಿಯನ್ ಪಟ್ಟವನ್ನು 'ನಮ್ಮ ನಗರದ ಹೆಮ್ಮೆ' ಎಂದು ಗೋಡೆಯ ಮೇಲೆ ಬರೆಸಿದ್ದೀರಿ. ಯಾವ ನಗರ ಸ್ವಾಮಿ? ಸ್ಟೋಕರ್ಸ್ ಎಂದರೆ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದ ನಮ್ಮ ಅಪ್ಪಂದಿರು. ನಿಮ್ಮ ಮರಳಿನಲ್ಲಿ ಯಾವ ಕುಲುಮೆ ಉರಿಯುತ್ತಿತ್ತು? ಆ ಫೈನಲ್ ದಿನ ಮೈದಾನ ಹೆಪ್ಪುಗಟ್ಟಿತ್ತು. ಬಗ್ಗಿ ನಿಂತು ಕಾಲುಗಳ ನಡುವಿನಿಂದ ಚೆಂಡನ್ನು ಕೈಯಿಂದ ಹಿಂದಕ್ಕೆ ಎಸೆದು ಆಟ ಶುರುಮಾಡುತ್ತಿದ್ದವರು ನನ್ನ ಗಂಡ ಎಮಿಲ್. ಬೆರಳು ಮುರಿದರೂ ಹೊರಗೆ ಬರಲಿಲ್ಲ. ಆ ಸಂಜೆ ಜೊತೆಗಾರರು ಗೆಲುವಿನ ಚೆಂಡನ್ನು ಅವರ ಮಡಿಲಿಗೆ ಹಾಕಿದರು.

ಕಳೆದ ತಿಂಗಳು ಆ ಚೆಂಡನ್ನು ಕೇಳಿಕೊಂಡು ನಿಮ್ಮ ಕಚೇರಿಯವನೊಬ್ಬ ನಮ್ಮ ಮನೆಗೆ ಬಂದ.

"ಇತಿಹಾಸ ಅನ್ನೋದು ತಂಡದ ಜೊತೇಲೇ ಬರುತ್ತೆ ಅಮ್ಮಾ," ಅಂದ.

"ಹಾಗಾದ್ರೆ ಇಲ್ಲಿನ ಹಿಮಾನೂ ಗೋರ್ಕೊಂಡು ಹೋಗಪ್ಪ. ಲಾರಿ ತಂದಿದ್ದೀಯಾ?" ಅಂದೆ.

"ಯಜಮಾನ್ರ ಹೆಸರು ಉಳಿಯುತ್ತೆ. ಗಾಜಿನ ಪೆಟ್ಟಿಗೇಲಿ ದೀಪ ಹಾಕಿ ಇಡ್ತೀವಿ."

ಎಮಿಲ್ ಕುರ್ಚಿಯಲ್ಲೇ ಕತ್ತು ಹೊರಳಿಸಿದರು. "ನಾನಿನ್ನೂ ಸತ್ತಿಲ್ವಲ್ಲೋ ಮಗಾ!"

ಅವನು ನಕ್ಕ. ಎಮಿಲ್ ನಗಲಿಲ್ಲ. ತಂಡ ಹೋದ ಮೇಲೆ ಅವರು ಭಾನುವಾರ ಟಿವಿ ಹಾಕಿಲ್ಲ. ಯಾರಾದರೂ ಸ್ಟೋಕರ್ಸ್ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಇದನ್ನು ಯಾವ ಪೆಟ್ಟಿಗೆಯಲ್ಲಿ ಇಡುತ್ತೀರಿ?

ತಂಡ ಮರಳಿ ಬೇಡ. ಆ ಗೋಡೆಯಿಂದ ಅರವತ್ತೆರಡನ್ನು ಅಳಿಸಿ. ತಂಡದ ಹೆಸರನ್ನೂ ಅಂಗಿಯ ಬಣ್ಣವನ್ನೂ ನಮಗೆ ಬಿಟ್ಟುಕೊಡಿ. ಇತಿಹಾಸ ಬೇಕಿದ್ದರೆ ನೀವೇ ಆಡಿ ಸಂಪಾದಿಸಿಕೊಳ್ಳಿ.

ಚೆಂಡಿನ ವಿಷಯ ಆಗಲೇ ತೀರ್ಮಾನವಾಗಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ನಮ್ಮ ಬೀದಿಯವರು ಚರ್ಚಿನ ಹಿಂದಿನ ಬಯಲಿನಲ್ಲಿ ಆಡುವುದು ವಾಡಿಕೆ. ಈ ಸಲ ಹಬ್ಬದೂಟದ ಟರ್ಕಿ ಕೋಳಿಯನ್ನು ಒಲೆಗಿಟ್ಟು, ಒಳಗಿನ ರಬ್ಬರು ಬದಲಿಸಿ ಗಾಳಿ ತುಂಬಿಸಿದ್ದ ಆ ಚೆಂಡನ್ನು ನಾನೇ ಒಯ್ದು ಎಮಿಲ್ ಕೈಗೆ ಕೊಟ್ಟೆ.

"ಬಗ್ಗೋಕಾಗುತ್ತೇನೋ ಮುದುಕಾ?" ಪಕ್ಕದ ಮನೆಯ ವೆಂಡೆಲಿನ್ ಕೆಣಕಿದ.

"ನೀನು ಮೊದಲು ಹಿಡಿಯೋದು ಕಲಿಯೋ."

ಎಮಿಲ್ ಬಗ್ಗಿದರು. ಚೆಂಡು ಹಿಂದಕ್ಕೆ ಹಾರಿತು. ಮೊಮ್ಮಗಳು ಯೂಡಿತಾ ಹಿಡಿದು ಓಡಿದಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ತೊಗಲು ಕೆಸರಿನಲ್ಲಿ ಹೊಲಿಗೆ ಬಿಟ್ಟು ಹರಿದುಹೋಯಿತು. ಬೇರೆ ಚೆಂಡು ತಂದರೇ ಹೊರತು ಯಾರೂ ಆಟ ನಿಲ್ಲಿಸಲಿಲ್ಲ.

ಇಂತಿ,
ನಿಮ್ಮ ಮಾತನ್ನು ನಂಬಿ ಊಟ ಬಡಿಸಿದವಳು,
ಲುಡ್ಮಿಲಾ ಹ್ರಬೋವ್ಸ್ಕಿ