ಹಾಲಪ್ಪನ ನೀರ್ಮನೆಯಲ್ಲಿ ನಾವು ನಿಲ್ಲಲಿಲ್ಲ

ಇಸವಿ ೨೧೮೩, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ
ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಿಂದ

ಪೂಜ್ಯ ವನಮಾಲಾ ಅಜ್ಜಿಯವರಿಗೆ,

ನಾನು ನಿಮ್ಮ ಮರಿಮಗಳ ಮರಿಮಗಳು. ಹೆಸರು ಶರ್ಮಿಷ್ಠೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ನಿಮಗೆ ಗೊತ್ತಿರುವುದೇ, ಎರಡನೆಯದು ಚಳಿಗಾಲವಿದ್ದ ಜಾಗಕ್ಕೆ ಬಂದು ಕೂತದ್ದು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದರ ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಉಳಿದವನ್ನು ನಿಮ್ಮ ಪ್ರವಾಸದ ನೋಟ್‌ಬುಕ್ಕಿನಿಂದಲೇ ಕಲಿತೆ. ಹಿಂದೆ ಬಾಳಿ ಹೋದವರಿಗೆ ಕಾಗದ ಬರೆಯುವವಳಿಗೆ ತಲೆ ಕೆಟ್ಟಿರಬೇಕು ಎನ್ನುತ್ತಾನೆ ನನ್ನ ಗಂಡ ಡೊಮಿನಿಕ್. ಎನ್ನಲಿ. ಅವನಿಗೂ ಸರಿಯಾಗಿ ನಿದ್ದೆ ಬಂದು ಬಹಳ ದಿನವಾಯಿತು.

ನೀವೂ ಅಜ್ಜನೂ ಕ್ಯಾಂಪರ್‌ವ್ಯಾನಿನಲ್ಲಿ ಒಳನಾಡನ್ನು ದಾಟಿದ ಆ ನೋಟ್‌ಬುಕ್ಕು ನಮ್ಮ ಮನೆಯಲ್ಲಿದೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು, ಆದರೂ ತಲೆಮಾರುಗಳಿಂದ ಎಲ್ಲರೂ ಓದಿದ್ದೇವೆ. ‘ಇವತ್ತು ಒಂದೇ ದಿನ ಎಂಟುನೂರ ನಲವತ್ತು ಕಿಲೋಮೀಟರ್’ ಎಂದು ಕೆಳಗೆ ಗೆರೆ ಎಳೆದ ಪುಟ ನನಗೆ ಬಾಯಿಪಾಠ. ಎರಡು ಗಂಟೆ ಓಡಿದರೂ ಅದೇ ಕೆಂಪು ಮಣ್ಣು, ಅದೇ ಪೊದೆ, ಯಜಮಾನರ ಹಾಡು ಮಾತ್ರ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ಎದುರು ಬರುವ ಪ್ರತಿ ಗಾಡಿಯವನೂ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುತ್ತಾನೆ, ಅಜ್ಜ ಮಾತ್ರ ಎರಡೂ ಕೈ ಬಿಟ್ಟು ಮುಗಿಯುತ್ತಾರೆ ಎಂದು ಬೈದಿದ್ದೀರಿ. ನಮ್ಮ ಮದುವೆಯ ಮೂವತ್ತನೆಯ ವರ್ಷಕ್ಕೆ ಆ ಒಂದು ದಿನವನ್ನು ನೀವು ಮಾಡಿದಂತೆಯೇ ಮಾಡಬೇಕೆಂದು ನಾನೇ ಹಟ ಹಿಡಿದೆ.

ಈಗಿನ ಒಳನಾಡು ಬೇರೆ. ನಿಮ್ಮ ಕಾಲದವರು ಆಕಾಶಕ್ಕೆ ಹಾರಿಸಿದ ಯಂತ್ರಗಳು ಒಂದಕ್ಕೊಂದು ಬಡಿದು ಚೂರಾದ ಮೇಲೆ ಅಲ್ಲಿ ಫೋನು ಎಂಬುದಿಲ್ಲ. ಇರುವುದು ಒಂದು ತಂತಿ ಮತ್ತು ದೂರದೂರಕ್ಕೆ ಒಂದೊಂದು ನೀರ್ಮನೆ, ಅಂದರೆ ಕೊಳವೆಬಾವಿಯನ್ನು ಕಾಯುವ ಒಂದು ಕುಟುಂಬದ ಮನೆ. ಒಂದು ನೀರ್ಮನೆಯಿಂದ ಹೊರಟವರ ಹೆಸರು ತಂತಿಯಲ್ಲಿ ಮುಂದಿನದಕ್ಕೆ ಹೋಗುತ್ತದೆ. ಅಲ್ಲಿ ಇಳಿದು, ಕಾಯುವವನ ಕೈಯಿಂದ ಒಂದು ಲೋಟ ನೀರು ಕುಡಿದು, ತಲುಪಿದ್ದೇವೆ ಎಂದು ಸ್ವಂತ ಬಾಯಿಂದ ಹೇಳಬೇಕು. ಇದು ತಲುಪುಮಾತು. ಹೊತ್ತು ಮುಳುಗುವುದರೊಳಗೆ ಆ ಮಾತು ಬರದಿದ್ದರೆ ಕಾಯುವವನು ಮರುದಿನ ಬೆಳಗಾಗುತ್ತಲೇ ಹುಡುಕಲು ಹೊರಡುತ್ತಾನೆ. ದಾರಿಯುದ್ದಕ್ಕೂ ಇಪ್ಪತ್ತು ಕಿಲೋಮೀಟರಿಗೊಂದರಂತೆ ನೀರಿನ ಕ್ಯಾನು ಇಟ್ಟು, ಅದರ ಮೇಲೆ ಕಳೆದುಹೋದವರ ಹೆಸರು ಬರೆಯುತ್ತಾನೆ. ಅದು ಹುಡುಕುನೀರು. ಹೆಸರಿನವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ.

ನಾವು ನಸುಕಿನಲ್ಲೇ ಹೊರಟೆವು. ನಮ್ಮ ವ್ಯಾನು ಬಿಸಿಲಿನಿಂದ ಓಡುವಂಥದ್ದು. ಮೋಡ ಅಡ್ಡ ಬಂದರೆ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಅಂದು ಮೋಡವೇ ಇರಲಿಲ್ಲ. ಚಟ್ನಿಪುಡಿ ಹಚ್ಚಿದ ರೊಟ್ಟಿಯನ್ನು ಓಡುವ ಗಾಡಿಯಲ್ಲೇ ತಿಂದೆವು. ಎಮುಗಳ ಒಂದು ಸಾಲು ರಸ್ತೆ ದಾಟುವವರೆಗೆ ಕಾದೆವು. ಡೊಮಿನಿಕ್ ಅರ್ಥ ಗೊತ್ತಿಲ್ಲದ ಕನ್ನಡ ಹಾಡನ್ನು ತಪ್ಪುತಪ್ಪಾಗಿ ಹಾಡಿದ, ನಾನು ನಿಮ್ಮ ಧಾಟಿಯಲ್ಲೇ ಬೈದೆ. ಇಷ್ಟು ನಕ್ಕು ವರ್ಷಗಳಾಗಿದ್ದವು.

ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ನೀರ್ಮನೆಯ ಕೈಮರ ಬಂತು. ಮನೆಯಿರುವುದು ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ದಿಬ್ಬದ ಹಿಂದೆ. ಕಾಯುವವನ ಹೆಸರು ಹಾಲಪ್ಪ, ವಯಸ್ಸು ಎಪ್ಪತ್ತೊಂದು. ಅವನ ಮುತ್ತಜ್ಜ ಬಾವಿ ಕೊರೆಯಲು ಗದಗಿನ ಕಡೆಯಿಂದ ಬಂದವನು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಡೊಮಿನಿಕ್ ವೇಗ ತಗ್ಗಿಸಿದ. ನಾನು ನಿಮ್ಮ ಪುಟ ತೆಗೆದೆ. ‘ದಾರಿಯಲ್ಲಿ ಒಂದು ತಗಡಿನ ಮನೆ, ಒಂದು ಟ್ಯಾಂಕು. ಇಲ್ಲಿ ಏನೂ ಇಲ್ಲ. ನಿಲ್ಲುವ ಅಗತ್ಯವಿಲ್ಲ.’ ನಗುತ್ತಾ ಅದನ್ನು ಓದಿ ಹೇಳಿ, ಅಜ್ಜಿಯ ಅಪ್ಪಣೆಯಾಗಿದೆ, ನಡಿ, ತಲುಪುಮಾತನ್ನು ಕರಾವಳಿಯ ಊರಿನಿಂದ ತಂತಿಯಲ್ಲಿ ಕಳಿಸಿದರಾಯಿತು ಎಂದೆ. ಅವನು ಎರಡು ಸಲ ಬೇಡವೆಂದ. ನಾನು ಕೇಳಲಿಲ್ಲ.

ಊರು ಸೇರುವಾಗ ಸಂಜೆಯಾಗಿತ್ತು, ತಂತಿಮನೆ ಮುಚ್ಚಿತ್ತು. ಅದರ ಗುಮಾಸ್ತೆಯ ಮನೆ ಹಿಂದಿನ ಬೀದಿಯಲ್ಲೇ ಇತ್ತು, ಹೋಗಿ ಬಾಗಿಲು ತಟ್ಟಬಹುದಿತ್ತು. ತಟ್ಟಲಿಲ್ಲ. ಸೊಂಟ ನೋಯುತ್ತಿತ್ತು, ಸಮುದ್ರ ನೋಡುವ ಆಸೆಯೂ ಇತ್ತು. ಮರುದಿನ ಒಂಬತ್ತಕ್ಕೆ ಹೋಗಿ ಮಾತು ಕಳಿಸಿದೆವು. ಹಾಲಪ್ಪ ಐದಕ್ಕೇ ಹೊರಟುಹೋಗಿದ್ದ. ಹೊರಟವನಿಗೆ ಸುದ್ದಿ ಮುಟ್ಟಿಸುವ ದಾರಿ ಯಾವುದೂ ಇಲ್ಲ.

ದೊಡ್ಡ ರಸ್ತೆಯಲ್ಲಿ ನಮ್ಮ ಸುಳಿವು ಸಿಗದೆ ಅವನು ಉಪ್ಪುಕೆರೆಯ ಹಳೆಯ ಜಾಡು ಹಿಡಿದಿದ್ದ. ಹೊಸಬರು ಸಾಮಾನ್ಯವಾಗಿ ದಾರಿ ತಪ್ಪುವುದು ಅಲ್ಲೇ. ಕೆರೆಯ ದಂಡೆಯಲ್ಲಿ ಗಾಡಿಯ ಅಚ್ಚು ಮುರಿಯಿತು. ಅವನು ನಡೆದೇ ಹಿಂದಿರುಗಲು ಹೊರಟ. ಪಕ್ಕದ ನೀರ್ಮನೆಯವರು ಗಾಡಿ ತಂದು ಅವನನ್ನು ಕಾಣುವ ಹೊತ್ತಿಗೆ ನಾಲ್ಕು ದಿನವಾಗಿತ್ತು, ಅವನಲ್ಲಿ ಉಸಿರಿರಲಿಲ್ಲ.

ತಿಂಗಳಾದ ಮೇಲೆ ಅವನ ಮಗಳು ಗಂಗವ್ವನ ಮುಂದೆ ಹೋಗಿ ನಿಂತೆವು. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೊದಲು ನಮಗೆ ನೀರು ಕೊಟ್ಟಳು. ಆಮೇಲೆ ಹೇಳಿದಳು: “ನೀವು ಊರು ಮುಟ್ಟೀರಿ ಅನ್ನೂದು ನಮ್ಮಪ್ಪಗ ಗೊತ್ತಾಗ್ಲೇ ಇಲ್ರಿ. ಅದೊಂದು ಗೊತ್ತಾಗಿದ್ರ ಸಮಾಧಾನದಿಂದ ಹೋಗ್ತಿದ್ದ.”

ಜಾಡಿನುದ್ದಕ್ಕೂ ಅವನಿಟ್ಟ ಕ್ಯಾನುಗಳನ್ನು ಅವಳು ತಂದು ಸಾಲಾಗಿ ಇಟ್ಟಿದ್ದಳು. ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ನಮ್ಮಿಬ್ಬರ ಹೆಸರು. ಹಿಂದಿರುಗುವಾಗ ಅವನು ಅವುಗಳ ಪಕ್ಕದಲ್ಲೇ ನಡೆದು ಬಂದಿದ್ದ, ಒಂದರದ್ದು ಬಿಟ್ಟು ಉಳಿದವುಗಳ ಮುಚ್ಚಳ ತೆಗೆದಿರಲಿಲ್ಲ. ಆ ಒಂದರಲ್ಲಿ ನಾಲ್ಕು ಬೆರಳಷ್ಟು ನೀರು ಕಡಿಮೆಯಾಗಿತ್ತು. ನಮ್ಮ ಹೆಸರಿನ ಕೆಳಗೆ, ಅದೇ ಸೀಮೆಸುಣ್ಣದಲ್ಲಿ, “ಸ್ವಲ್ಪ ನಾ ಕುಡದೇನಿ. ಹೊಟ್ಟಿಗೆ ಹಾಕ್ಕೋರಿ” ಎಂದಿತ್ತು.

ಅಜ್ಜಿ, ತಪ್ಪು ನಿಮ್ಮದಲ್ಲ. ನಿಮ್ಮ ಕಾಲದಲ್ಲಿ ಅಲ್ಲಿ ನಿಲ್ಲದವರಿಂದ ಯಾರೂ ಸಾಯುತ್ತಿರಲಿಲ್ಲ. ಈ ಭಾರ ನನ್ನಿಂದ ಹೊರಲಾಗದೆ ನೂರೈವತ್ತು ವರ್ಷ ಹಿಂದಕ್ಕೆ ದಾಟಿಸಲು ನೋಡುತ್ತಿದ್ದೇನೆ, ಅಷ್ಟೇ. ಆದರೂ ನೀವಿನ್ನೂ ಆ ಪ್ರಯಾಣ ಹೊರಟಿಲ್ಲದಿದ್ದರೆ ಒಂದು ಕೋರಿಕೆಯಿದೆ. ಆ ತಗಡಿನ ಮನೆಯ ಮುಂದೆ ವ್ಯಾನು ನಿಲ್ಲಿಸಿ. ಒಳಗೆ ಯಾರಾದರೂ ಇರಲಿ, ಇಲ್ಲದಿರಲಿ, ಕೇಳುವ ಹಾಗೆ ಹೇಳಿ: ಶರ್ಮಿಷ್ಠೆಯೂ ಡೊಮಿನಿಕ್ಕನೂ ಕ್ಷೇಮವಾಗಿ ತಲುಪಿದ್ದಾರೆ, ಅವರನ್ನು ಹುಡುಕಿಕೊಂಡು ಯಾರೂ ಹೊರಡಬೇಡಿ.

ನಿಮ್ಮ ಮಗು,
ಶರ್ಮಿಷ್ಠೆ