ಕಣ್ಣೊಳಗಿನ ಕಡ್ಡಿ

ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಮಧ್ಯಾಹ್ನ

ಮುದ್ದಿನ ಮಗಳಿಗೆ,

ಹೇಗಿದ್ದೀಯ ಪುಟ್ಟಿ? ಬೆನ್ನುನೋವು ಇಳಿಯಿತೇ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ ತಾನೇ? ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅಮ್ಮ ಕೇಳಿದರೆ ಏನೂ ಇಲ್ಲ ಎನ್ನುತ್ತೀಯ. ಈ ಮುನಿಸು ಏಕೆಂದು ತಿಳಿಯದೆ ತಲೆ ಕೆಡಿಸಿಕೊಂಡು, ಕೊನೆಗೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಣ್ಣನ್ನು ದೂರಬೇಡ, ನನ್ನ ಬರಹ ಮೊದಲಿನಿಂದಲೂ ಹಾಗೇ.

ಕಣ್ಣಿನ ಸಂಗತಿ ನಿನಗೆ ಹೇಳಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣಿನ ಹಿಂದಿನ ಪರದೆ ಊದಿಕೊಂಡಿತ್ತು. ಅಕ್ಕಪಕ್ಕ ಎಲ್ಲ ಸರಿ, ನೇರ ನೋಡಿದಲ್ಲೇ ಮಸುಕು. ವಯಸ್ಸಾಯಿತು ಎಂದು ಸುಮ್ಮನಿದ್ದೆ. ಚಳಿಗಾಲದಲ್ಲಿ ಪೋಸ್ಟ್ ಮಾಸ್ಟರಿಗೆ ಗಡ್ಡ ಮಾಡುವಾಗ ಕಿವಿಯ ಬುಡದಲ್ಲಿ ಕತ್ತಿ ತಗುಲಿತು. ಅವರು ಹತ್ತಿ ಒತ್ತಿಕೊಂಡು, "ಕತ್ತಿ ಕೆಳಗಿಡಪ್ಪ, ಮೊದಲು ಕಣ್ಣು ತೋರಿಸ್ಕೊಂಡ್ ಬಾ" ಎಂದರು. ಅವತ್ತೇ ಅಂಗಡಿಗೆ ಬೀಗ ಹಾಕಿದೆ.

ಕಣ್ಣಾಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟಾಗ ಊತ ಇಳಿಯುವುದು, ಮತ್ತೆ ಬರುವುದು. ಕೊನೆಗೆ ಡಾಕ್ಟರಮ್ಮ ಸ್ಟೀರಾಯ್ಡ್ ಇಂಪ್ಲಾಂಟ್ ಹಾಕೋಣ ಎಂದರು. ಅಕ್ಕಿಕಾಳಿಗಿಂತ ಸಣ್ಣ ಕಡ್ಡಿ. ಸೂಜಿಯಿಂದ ಕಣ್ಣೊಳಗೆ ಬಿಟ್ಟರೆ ಅಲ್ಲೇ ಕೂತು, ತಿಂಗಳುಗಟ್ಟಲೆ ಔಷಧಿ ಬಿಡುತ್ತಾ ಕರಗುತ್ತದಂತೆ. ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಇಷ್ಟು ವರ್ಷ ಕಂಡಕಂಡವರ ಕುತ್ತಿಗೆಗೆ ಕತ್ತಿ ಹಿಡಿದವನು ಒಂದು ಸೂಜಿ ನೋಡಿ, "ಸ್ವಲ್ಪ ತಡೀರಮ್ಮ" ಎಂದುಬಿಟ್ಟೆ. ಮರಗಟ್ಟಿಸುವ ಹನಿ ಹಾಕಿದ್ದರಿಂದ ನೋವಿರಲಿಲ್ಲ, ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗಾಯಿತು ಅಷ್ಟೇ.

ಸ್ವಲ್ಪ ದಿನ ಕಳೆದು ಒಂದು ಬೆಳಿಗ್ಗೆ ನಿಮ್ಮಮ್ಮನ ಮುಖ ಕಂಡಿತು. ಕಣ್ಣು, ಮೂಗು, ಎಲ್ಲ. "ಏನ್ ಹಾಗ್ ನೋಡ್ತೀರಿ?" ಎಂದಳು. ನಾನು ಕಾಣದೆ ಇದ್ದಾಗ ಅವಳ ಹುಬ್ಬುಗಳ ನಡುವೆ ಒಂದು ಗೆರೆ ಬಂದುಬಿಟ್ಟಿದೆ. ಹೇಳಲಿಲ್ಲ, ಹೇಳಿದ್ದರೆ, ಕಣ್ಣು ಬರದೇ ಇದ್ದಿದ್ದರೇ ಚೆನ್ನಾಗಿತ್ತು ಎನ್ನುತ್ತಿದ್ದಳು. ಸದ್ಯಕ್ಕೆ ಎಡಗಣ್ಣಿಗಷ್ಟೇ ಹಾಕಿದ್ದಾರೆ. ಒತ್ತಡ ತುಸು ಏರಿದೆ, ಅದಕ್ಕೆ ಅವಳು ಹನಿ ಹಾಕುತ್ತಾಳೆ. ಅಂಗಡಿ ತೆರೆದಿದ್ದೇನೆ, ಕತ್ತರಿ ಮಾತ್ರ, ಕತ್ತಿ ಇನ್ನೂ ಇಲ್ಲ.

ಇಬ್ಬರೂ ತಣ್ಣಗಿರಿ.

ನಿನ್ನ
ಅಪ್ಪ

ತಾ.ಕ.: ಇದನ್ನು ಅಂಟಿಸುವಷ್ಟರಲ್ಲಿ ಅಳಿಯಂದಿರ ಫೋನ್ ಬಂತು. ಹೋದ ಮಳೆಗಾಲದಲ್ಲಿ ನೀನು ಬಂದು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆಯಂತೆ. ನೀನು ಬಾಯಿ ತೆರೆಯುವ ಮುಂಚೆಯೇ ನಾನು ನಿನ್ನ ಮುಖವನ್ನೇ ನೋಡಿ, "ಕೂತ್ಕೊಳ್ಳಿ, ಸ್ವಲ್ಪ ಹೊತ್ತಾಗುತ್ತೆ" ಎಂದೆನಂತೆ. ಹೆತ್ತ ಮಗಳಿಗೆ ಬಹುವಚನ. ಹೇಳದೆ ಮದುವೆಯಾದ ಸಿಟ್ಟು ಅಪ್ಪನಿಗೆ ಇನ್ನೂ ಹೋಗಿಲ್ಲ ಎಂದುಕೊಂಡು ಹಾಗೇ ಬಸ್ಸು ಹತ್ತಿದೆಯಂತೆ. ಆ ಸಿಟ್ಟು ಎಂದೋ ಹೋಯಿತು ಮಗಳೇ. ಅವತ್ತು ನನಗೆ ನಿನ್ನ ಮುಖದ ಜಾಗದಲ್ಲಿ ಬರೀ ಹೊಗೆ ಕಂಡಿತ್ತು. ಮಗುವಿನ ಕೂದಲು ಕತ್ತರಿಸಿಕೊಡಿ ಎಂದು ಕೇಳಲು ಬಂದ ಯಾರೋ ತಾಯಿ ಅಂದುಕೊಂಡೆ. ಈಗ ಕಾಣುತ್ತದೆ. ಒಂದು ಸಲ ಬಾರೇ.